ಆಷಾಢದವರೆಗೂ ಕಾಯೋದಾ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇವೆ, ವೆಬ್‌ಸೈಟ್ ಒಳಗೆ ಯಾರು ಬರ್ಬಹುದು ಯಾರು ಬರ್ಬಾರ್ದು, ಆ ಬಾಗಿಲು ತೂತಾದ್ರೆ ಏನ್ ಮಾಡೋದು ಅಂತ. ಮೊದಲನೇ ಪತ್ರಕ್ಕೆ ಉದ್ದ ಉತ್ತರ ಬರೆದಿದೀನಿ, ಯಾಕಂದ್ರೆ ಅದೇ ಪರಿಸ್ಥಿತೀಲಿ ಇರೋರು ಬೆಂಗಳೂರಲ್ಲಿ ಬೀದಿಗೊಬ್ರು ಸಿಗ್ತಾರೆ. ಬಾಕಿಯವಕ್ಕೆ ಚುಟುಕಾಗಿ.

ಪ್ರಶ್ನೆ: ಸರ್, ನಾನು ಫ್ರೀಲಾನ್ಸ್ ವೆಬ್ ಡೆವಲಪರ್. ಒಬ್ರು ಓನರ್‌ದು ಮೂರು ಕಲ್ಯಾಣ ಮಂಟಪ ಇದೆ, ಅವ್ರಿಗೆ ಬುಕಿಂಗ್ ಸೈಟ್ ಮಾಡ್ಕೊಟ್ಟಿದೀನಿ. ನೆಕ್ಸ್ಟ್ ಜೆಎಸ್ (ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) 14.2.3, ತಿಂಗಳ ಬಾಡಿಗೆ ಸರ್ವರ್ ಮೇಲೆ ನಾನೇ ಹಾಕಿರೋದು, ಬಂದ ಕೋರಿಕೆಗಳನ್ನ ಮೊದ್ಲು ತಗೊಂಡು ಒಳಗೆ ದಾಟಿಸೋಕೆ ಮುಂದೆ ಎಂಜಿನ್‌ಎಕ್ಸ್ ಇದೆ. ಅಡ್ಮಿನ್ ಪೇಜ್‌ಗಳ ಲಾಗಿನ್ ಚೆಕ್ ಪೂರ್ತಿ ಮಿಡಲ್‌ವೇರ್ ಫೈಲಲ್ಲೇ (ಪೇಜ್ ತಲುಪೋಕೆ ಮುಂಚೆ ಓಡೋ ಕೋಡ್) ಇದೆ, ಬೇರೆಲ್ಲೂ ಇಲ್ಲ. ಮೊನ್ನೆ ಎನ್‌ಪಿಎಂ ಆಡಿಟ್ (ಬಳಸಿರೋ ಪ್ಯಾಕೇಜ್‌ಗಳಲ್ಲಿ ಗೊತ್ತಿರೋ ತೂತು ಇದ್ಯಾ ಅಂತ ನೋಡೋ ಕಮಾಂಡ್) ಓಡಿಸ್ದಾಗ ಕ್ರಿಟಿಕಲ್ ಅಂತ ಕೆಂಪಗೆ ತೋರಿಸ್ತು, ಆಥರೈಸೇಷನ್ ಬೈಪಾಸ್, ಅಂದ್ರೆ ಅನುಮತಿ ಚೆಕ್ ತಪ್ಪಿಸ್ಕೊಂಡು ಒಳಗೆ ಬರೋದಂತೆ. ಓನರ್‌ಗೆ ಹೇಳಿದ್ರೆ "ಈಗ ಮುಹೂರ್ತದ ಸೀಸನ್ನಪ್ಪಾ, ಚೆನ್ನಾಗಿ ಓಡ್ತಿರೋದನ್ನ ಮುಟ್ಬೇಡ, ಆಷಾಢದಲ್ಲಿ ಬುಕಿಂಗ್ ಇರಲ್ಲ, ಆಗ ಮಾಡು" ಅಂತಾರೆ. ಅಷ್ಟು ದಿನ ಕಾಯ್ಬಹುದಾ?
(ಬನಶಂಕರಿಯ ಓದುಗರು)

ಉತ್ತರ: ಕಾಯ್ಬೇಡಿ. ಆಷಾಢ ಬಿಡಿ, ನಾಳೆ ಬೆಳಿಗ್ಗೆವರೆಗೂ ಬೇಡ. ಇವತ್ತು ರಾತ್ರಿನೇ ಹಾಕ್ಬಹುದಾದ ಒಂದು ಸಾಲು ಇದೆ, ಮುಂದೆ ಹೇಳ್ತೀನಿ, ಮೊದ್ಲು ತೂತು ಏನು ಅಂತ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ಓನರ್‌ಗೂ ನೀವೇ ತಿಳಿಸಿ ಹೇಳ್ಬೇಕು.

ಛತ್ರದ ಬಾಗಿಲಲ್ಲಿ ಒಬ್ರು ನಿಂತಿರ್ತಾರೆ ಅನ್ಕೊಳ್ಳಿ. ಬಂದೋರನ್ನ "ಯಾವ ಕಡೆಯೋರು, ಹುಡುಗಿ ಕಡೆನಾ ಹುಡುಗನ ಕಡೆನಾ" ಅಂತ ವಿಚಾರಿಸಿ ಒಳಗೆ ಬಿಡೋದು ಅವ್ರ ಕೆಲ್ಸ. ಈಗ ಮನೆಯೋರೇ ಪದೇ ಪದೇ ಹೊರಗೂ ಒಳಗೂ ಓಡಾಡ್ತಿರ್ತಾರೆ, ಹೂವಿನವ್ನು ಬಂದ, ಪುರೋಹಿತರಿಗೆ ಆಟೋ ಬೇಕು ಅಂತ, ಪ್ರತಿ ಸಲ ಅವ್ರನ್ನೂ ಕೇಳ್ತಾ ಕೂತ್ರೆ ಕೆಲ್ಸ ಮುಂದಕ್ಕೆ ಹೋಗಲ್ಲ. ಅದಕ್ಕೇ ಒಂದು ಒಪ್ಪಂದ, "ನನ್ನ ಆಗ್ಲೇ ಕೇಳಿದೀರಿ" ಅಂತ ಚೀಟಿ ಹಿಡ್ಕೊಂಡು ಬಂದೋರನ್ನ ಮತ್ತೆ ಕೇಳೋದು ಬೇಡ. ಒಪ್ಪಂದದಲ್ಲಿ ತಪ್ಪಿಲ್ಲ. ಆದ್ರೆ ಆ ಚೀಟಿ ಒಳಗಿನವ್ರೇ ಕೊಟ್ಟಿದ್ದಾ, ಇಲ್ಲಾ ರಸ್ತೇಲಿ ಹೋಗೋನು ತಾನೇ ಬರ್ಕೊಂಡು ಬಂದಿದ್ದಾ ಅಂತ ಯಾರೂ ನೋಡ್ತಿರ್ಲಿಲ್ಲ. ಇಷ್ಟೇ ಆಗಿದ್ದು.

ಆ ಚೀಟಿಯ ಹೆಸ್ರು ಎಕ್ಸ್-ಮಿಡಲ್‌ವೇರ್-ಸಬ್‌ರಿಕ್ವೆಸ್ಟ್, ಒಂದು ಹೆಡರ್, ಅಂದ್ರೆ ಪೇಜ್ ಕೇಳೋ ಕೋರಿಕೆ ಜೊತೆ ಹೋಗೋ ಸಣ್ಣ ಮಾಹಿತಿ ಸಾಲು. ಮಿಡಲ್‌ವೇರ್ ತನ್ನನ್ನ ತಾನೇ ಕರ್ಕೊಂಡು ಕೊನೆಯಿಲ್ದಂಗೆ ಸುತ್ತಬಾರ್ದು ಅಂತ ನೆಕ್ಸ್ಟ್‌ನವ್ರು ತಮ್ಮ ಒಳಗಿನ ಬಳಕೆಗೆ ಇಟ್ಕೊಂಡಿದ್ದು. ನಿಮ್ಮ 14.2ರಲ್ಲಿ ಅದು ಲೆಕ್ಕ ಹಾಕುತ್ತೆ, ಮಿಡಲ್‌ವೇರ್ ಹೆಸ್ರು ಅದ್ರೊಳಗೆ ಐದು ಸಲ ಕಂಡ್ರೆ "ಓ, ಇದು ಆಗ್ಲೇ ಐದು ಸುತ್ತು ಬಂದಿದೆ, ಸಾಕು" ಅಂತ ಮಿಡಲ್‌ವೇರ್ ಓಡಿಸದೇನೇ ಮುಂದೆ ಕಳಿಸ್ಬಿಡುತ್ತೆ. ಹೊರಗಿಂದ ಬರೋನು ಅದೇ ಹೆಡರಲ್ಲಿ "ಮಿಡಲ್‌ವೇರ್" ಅಂತ ಐದು ಸಲ, ಮಧ್ಯ ಕೋಲನ್ ಹಾಕಿ ಬರೆದು ಕಳಿಸಿದ್ರೆ ನಿಮ್ಮ ಲಾಗಿನ್ ಚೆಕ್ ಓಡೋದೇ ಇಲ್ಲ. ಪಾಸ್‌ವರ್ಡ್ ಊಹಿಸ್ಬೇಕಿಲ್ಲ, ಕುಕೀ ಕದಿಯೋದೂ ಬೇಕಿಲ್ಲ. ಇದು ಬಹಿರಂಗ ಆಗಿದ್ದು 2025ರ ಮಾರ್ಚ್ 21ಕ್ಕೆ, ತೂತುಗಳ ಸಾರ್ವಜನಿಕ ಪಟ್ಟೀಲಿ ಇದ್ರ ನಂಬರ್ ಸಿವಿಇ-2025-29927, ತೀವ್ರತೆ ಹತ್ತಕ್ಕೆ 9.1. ಅಂದ್ರೆ ಈ ಟ್ರಿಕ್ ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಯಾವ ಹುಡುಗನಿಗೂ ಸಿಗುತ್ತೆ, ಬಾಟ್‌ಗಳು ಬೀದಿ ಬೀದಿ ತಟ್ಕೊಂಡು ಹೋಗೋಕೆ ಇಷ್ಟು ಸಾಕು.

ಇವತ್ತು ರಾತ್ರಿಯ ಕೆಲ್ಸ: ಎಂಜಿನ್‌ಎಕ್ಸ್ ಕಾನ್ಫಿಗಲ್ಲಿ ಪ್ರಾಕ್ಸಿ ಪಾಸ್ ಇರೋ ಕಡೆ, ಪ್ರಾಕ್ಸಿ ಸೆಟ್ ಹೆಡರ್ ಅಂತ ಹಾಕಿ, ಈ ಹೆಡರ್ ಹೆಸ್ರು ಬರೆದು, ವ್ಯಾಲ್ಯೂ ಇರೋ ಜಾಗದಲ್ಲಿ ಖಾಲಿ ಕೋಟ್ ಹಾಕಿ. ಖಾಲಿ ಕೊಟ್ರೆ ಎಂಜಿನ್‌ಎಕ್ಸ್ ಆ ಹೆಡರನ್ನ ಒಳಗೆ ಕಳಿಸೋದೇ ಇಲ್ಲ. ಇದ್ರಲ್ಲಿ ಎರಡು ಕಡೆ ಕಾಲು ಜಾರುತ್ತೆ. ಮೇಲಿನ ಸರ್ವರ್ ಬ್ಲಾಕಲ್ಲಿ ಒಂದೇ ಕಡೆ ಬರೆದು ಎಲ್ಲಾದಕ್ಕೂ ಆಯ್ತು ಅನ್ಕೋಬೇಡಿ, ಕೆಳಗಿನ ಲೊಕೇಶನ್ ಬ್ಲಾಕಲ್ಲಿ ಬೇರೆ ಯಾವ್ದಾದ್ರೂ ಪ್ರಾಕ್ಸಿ ಸೆಟ್ ಹೆಡರ್ ಇದ್ರೆ (ಹೋಸ್ಟ್‌ದೋ ಐಪಿದೋ ಒಂದು ಇದ್ದೇ ಇರುತ್ತೆ) ಮೇಲಿಂದ ಯಾವ್ದೂ ಇಳಿದು ಬರಲ್ಲ, ಎಂಜಿನ್‌ಎಕ್ಸ್ ನಿಯಮನೇ ಹಂಗೆ, ಅದಕ್ಕೇ ಪ್ರತಿ ಲೊಕೇಶನ್ನಲ್ಲೂ ಬರೀಬೇಕು. ಎರಡನೇದು, ನಿಮ್ಮ ನೋಡ್ ಆ್ಯಪ್ (ಎಂಜಿನ್‌ಎಕ್ಸ್ ಹಿಂದೆ ಓಡ್ತಿರೋ ಸೈಟಿನ ಪ್ರೋಗ್ರಾಂ) 3000 ಪೋರ್ಟಲ್ಲಿ ಹೊರಗಡೆಗೂ ತೆರೆದಿದ್ಯಾ ನೋಡಿ. ಎಷ್ಟೋ ಬಾಡಿಗೆ ಸರ್ವರಲ್ಲಿ ತೆರೆದೇ ಇರುತ್ತೆ. ಸೈಟ್ ವಿಳಾಸದ ಕೊನೇಲಿ ಕೋಲನ್ ಹಾಕಿ 3000 ಬರೆದ್ರೆ ಪೇಜ್ ಬಂತು ಅಂದ್ರೆ ಎಂಜಿನ್‌ಎಕ್ಸಲ್ಲಿ ನೀವು ಏನ್ ಬರೆದ್ರೂ ಹಿಂದಿನ ಬಾಗಿಲು ಹಂಗೇ ಇದೆ ಅಂತ, ಫೈರ್‌ವಾಲಲ್ಲಿ ಅದನ್ನ ಮುಚ್ಚಿ.

ಇದು ಬಟ್ಟೆ ಪಟ್ಟಿ ಅಷ್ಟೇ, ನಿಜವಾದ ಔಷಧಿ ಅಪ್‌ಡೇಟು. ಈ ತೂತು ಮುಚ್ಚಿರೋದು 14ರ ಸಾಲಲ್ಲಿ 14.2.25, 15ರಲ್ಲಿ 15.2.3, ಇನ್ನೂ ಹಳೇದ್ರಲ್ಲಿ ಇರೋರಿಗೆ 13.5.9 ಮತ್ತೆ 12.3.5. ನೀವು 14.2.3ರಲ್ಲಿ ಇದೀರಿ, ಹಂಗಾಗಿ 15ಕ್ಕೆ ಜಿಗಿಯೋ ಗೋಜಿಗೆ ಈಗ ಹೋಗ್ಬೇಡಿ, 15ರಲ್ಲಿ ಕುಕೀಸ್, ಹೆಡರ್ಸ್, ಪ್ಯಾರಮ್ಸ್ ಎಲ್ಲಾ ಅಸಿಂಕ್ ಆಗಿರೋದ್ರಿಂದ ಅಲ್ಲಿ ಇಲ್ಲಿ ಕೋಡ್ ಬದಲಾಯಿಸ್ಬೇಕಾಗುತ್ತೆ, ಓನರ್ ಹೆದರೋದು ಅಂಥಾದ್ದಕ್ಕೇ. 14.2ರ ಒಳಗೇ ಕೊನೇ ಬಿಡುಗಡೆಗೆ ಹೋಗಿ. 25ಕ್ಕೇ ನಿಲ್ಸ್ಬೇಡಿ, ಆಮೇಲೂ ಮಿಡಲ್‌ವೇರ್ ಹೆಡರ್‌ಗಳನ್ನ ಮುಂದಕ್ಕೆ ದಾಟಿಸೋ ರೀತೀಲಿ ಇನ್ನೊಂದು ತೊಂದ್ರೆ ಸಿಕ್ಕಿ ಅದನ್ನ 14.2.32ರಲ್ಲಿ ಸರಿ ಮಾಡಿದಾರೆ. ಆಷಾಢದಲ್ಲಿ ಬೇಕಾದ್ರೆ ಆರಾಮಾಗಿ ದೊಡ್ಡ ವರ್ಷನ್‌ಗೆ ಹೋಗಿ, 14 ಹೆಂಗೂ ಹಳೇದಾಯ್ತು.

ಎನ್‌ಪಿಎಂ ಆಡಿಟ್ ಫಿಕ್ಸ್ ಫೋರ್ಸ್ ಅನ್ನೋ ಕಮಾಂಡ್ ಕಣ್ಣಿಗೆ ಬಿದ್ದಿರುತ್ತೆ, ಕೈ ಕಟ್ಕೊಂಡು ಕೂತ್ಕೊಳ್ಳಿ, ಒತ್ತಬೇಡಿ. ಅದು ಕೇಳ್ದೇನೇ ದೊಡ್ಡ ವರ್ಷನ್‌ಗಳಿಗೆ ಎತ್ಕೊಂಡು ಹೋಗ್ಬಿಡುತ್ತೆ, ಆಮೇಲೆ ಯಾವ್ದು ಮುರೀತು ಅಂತ ಹುಡುಕ್ತಾ ಬೆಳಗಾಗುತ್ತೆ. ನೆಕ್ಸ್ಟ್ ಒಂದನ್ನೇ ವರ್ಷನ್ ಹೇಳಿ ಇನ್‌ಸ್ಟಾಲ್ ಮಾಡಿ. ಪ್ಯಾಕೇಜ್ ಫೈಲಲ್ಲಿ 14.2.3ಕ್ಕಿಂತ ಮೊದ್ಲು ಟೋಪಿ ಗುರುತು (^) ಇದೆ, ತಾನಾಗೇ ಹೊಸದು ಬಂದಿರುತ್ತೆ ಅಂತ ಕೆಲವರು ನಂಬ್ಕೊಂಡಿರ್ತಾರೆ. ಬರಲ್ಲ, ಯಾವ ವರ್ಷನ್ ಅಂತ ಬರೆದಿಟ್ಟಿರೋ ಲಾಕ್ ಫೈಲ್ ಏನ್ ಹೇಳುತ್ತೋ ಅದೇ ಬರೋದು. ಮುಗಿದ್ಮೇಲೆ ಎನ್‌ಪಿಎಂ ಎಲ್‌ಎಸ್ ನೆಕ್ಸ್ಟ್ ಅಂತ ಹೊಡೆದು ಕಣ್ಣಾರೆ ನೋಡಿ, ಮತ್ತೆ ಬಿಲ್ಡ್ ಮಾಡಿ, ಪ್ರೋಸೆಸ್ ರೀಸ್ಟಾರ್ಟ್ ಮಾಡಿ. ಡಾಕರ್ ಇದ್ರೆ ಇಮೇಜ್ ಹೊಸದಾಗಿ ಕಟ್ಟಿ. ಗಿಟ್ಟಲ್ಲಿ ಹೊಸ ವರ್ಷನ್ ಕೂತಿದೆ, ಸರ್ವರಲ್ಲಿ ಆರು ತಿಂಗಳ ಹಿಂದಿನ ಕಂಟೇನರ್ ನೆಮ್ಮದಿಯಾಗಿ ಓಡ್ತಾ ಇದೆ, ಎಲ್ರೂ "ಪ್ಯಾಚ್ ಆಗಿದೆ" ಅಂತ ಟಿಕ್ ಹಾಕಿದಾರೆ, ಇಂಥಾದ್ದು ನಾನು ಒಂದಲ್ಲ ಎರಡಲ್ಲ ನೋಡಿದೀನಿ.

ಪರೀಕ್ಷೆ ಪ್ಯಾಚ್‌ಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ನಿಮ್ಮ ಸೈಟ್ ಮೇಲೆ ಮಾತ್ರ. ಲಾಗಿನ್ ಇಲ್ದೆ ಕರ್ಲಲ್ಲಿ (ಟರ್ಮಿನಲ್ಲಿಂದ ಪೇಜ್ ಕೇಳೋ ಕಮಾಂಡ್) ಅಡ್ಮಿನ್ ಪೇಜ್ ಕೇಳಿ, 307 ಬಂದು ಲಾಗಿನ್ ಪೇಜ್ ಕಡೆ ತಳ್ಳಬೇಕು. ಈಗ ಅದೇ ಹೆಡರ್ ಐದು ಸಲದ ಹೆಸ್ರಿನ ಜೊತೆ ಹಾಕಿ ಕೇಳಿ. ಮಿಡಲ್‌ವೇರ್ ಫೈಲ್ ಎಸ್‌ಆರ್‌ಸಿ ಫೋಲ್ಡರ್ ಒಳಗಿದ್ರೆ ಹೆಸ್ರಿಗಿಂತ ಮೊದ್ಲು ಅದೂ ಸೇರುತ್ತೆ, ಎರಡೂ ಥರ ನೋಡಿ. 200 ಬಂದು ಬುಕಿಂಗ್ ಪಟ್ಟಿ ಕಂಡ್ರೆ ಬಾಗಿಲು ತೆರೆದಿದೆ, ಪ್ಯಾಚ್ ಆದ್ಮೇಲೂ ಹಂಗೇ ಬಂದ್ರೆ ಹಳೇ ಬಿಲ್ಡೇ ಓಡ್ತಿದೆ. ಎಂಜಿನ್‌ಎಕ್ಸ್ ದಾಟಿ ಒಳಗಿನ ಪೋರ್ಟ್‌ಗೇ ನೇರ ಹೊಡೆದು ನೋಡೋದು ಒಳ್ಳೇದು, ಇಲ್ದಿದ್ರೆ ಬಟ್ಟೆ ಪಟ್ಟಿ ಕಾಪಾಡ್ತಾ ಇದ್ಯಾ ಔಷಧಿ ಕಾಪಾಡ್ತಾ ಇದ್ಯಾ ಗೊತ್ತಾಗಲ್ಲ. ಹೊಸ ವರ್ಷನಲ್ಲಿ ಸರ್ವರ್ ಎದ್ದಾಗ ಒಂದು ರ‍್ಯಾಂಡಮ್ ಗುರುತು ಮಾಡ್ಕೊಳ್ಳುತ್ತೆ, ಅದು ಜೊತೇಲಿಲ್ದೆ ಬಂದ ಚೀಟಿನ ಹರಿದು ಹಾಕುತ್ತೆ. ಛತ್ರದ ಲೆಕ್ಕದಲ್ಲಿ, ಚೀಟಿ ಮೇಲೆ ಇವತ್ತಿನ ಮದುವೆಯ ಸೀಲ್ ಇರ್ಬೇಕು.

ಆಗ್ಲೇ ಯಾರಾದ್ರೂ ಒಳಗೆ ಬಂದು ಹೋಗಿದಾರಾ ಅಂತ ನೀವು ಕೇಳಿಲ್ಲ, ಕೇಳ್ಬೇಕಿತ್ತು. ಎಂಜಿನ್‌ಎಕ್ಸಿನ ಮಾಮೂಲಿ ಲಾಗಲ್ಲಿ ಈ ಹೆಡರ್ ದಾಖಲಾಗಲ್ಲ, ಅದ್ರಿಂದ ಹೆಡರ್ ಹೆಸ್ರು ಹುಡುಕಿ "ಸಿಕ್ಲಿಲ್ಲ, ಸೇಫು" ಅನ್ಬೇಡಿ. ಅಡ್ಮಿನ್ ಪಾತ್‌ಗಳಿಗೆ 200 ಹೋಗಿರೋ ಸಾಲುಗಳನ್ನ ತೆಗೀರಿ, ಅದ್ರಲ್ಲಿ ಓನರ್ ಮತ್ತೆ ಮ್ಯಾನೇಜರ್‌ಗಳ ಐಪಿ ಬಿಟ್ಟು ಮಿಕ್ಕಿದ್ದು ಯಾರ್ದು ನೋಡಿ, ರಾತ್ರಿ ಮೂರು ಗಂಟೆಗೆ ಬುಕಿಂಗ್ ಪಟ್ಟಿ ತೆಗೆದೋರು ಯಾರು ನೋಡಿ. ಅನುಮಾನದ್ದು ಸಿಕ್ರೆ ಲಾಗ್ ಅಳಿಸ್ಬೇಡಿ, ಕಾಪಿ ಎತ್ತಿಡಿ. ಸೈಬರ್ ದಾಳಿಗಳನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನವ್ರ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆ ಒಳಗೆ ಅವ್ರಿಗೆ ತಿಳಿಸ್ಬೇಕು, ಲಾಗ್‌ಗಳನ್ನ 180 ದಿನ ಇಟ್ಟಿರ್ಬೇಕು. ನಿಮ್ಮ ಸರ್ವರಲ್ಲಿ ಲಾಗ್ ರೊಟೇಟ್ ಎಷ್ಟು ದಿನಕ್ಕಿದೆ? ಬಹಳಷ್ಟು ಕಡೆ ಹದಿನಾಲ್ಕು ದಿನಕ್ಕೇ ಉದುರಿ ಹೋಗ್ತಿರುತ್ತೆ, ಯಾರೂ ಬದಲಾಯಿಸಿರಲ್ಲ.

ಈಗ ಓನರ್ ವಿಷ್ಯ. ಅವ್ರಿಗೆ ಸಿವಿಇ ನಂಬರ್ ಹೇಳಿ ಏನೂ ಪ್ರಯೋಜನ ಇಲ್ಲ. ಹೀಗೆ ಹೇಳಿ: "ಸಾರ್, ನಮ್ಮ ಅಡ್ಮಿನ್ ಪಟ್ಟೀಲಿ ಏನಿದೆ? ಹುಡುಗಿ ಮನೆ ವಿಳಾಸ, ಅವ್ರ ಆಧಾರ್ ಫೋಟೋ, ಫೋನ್ ನಂಬರು, ಮುಹೂರ್ತದ ದಿನ. ಅಂದ್ರೆ ಯಾವ ಮನೆ ಯಾವ ದಿನ ಬೆಳಿಗ್ಗೆ ಆರರಿಂದ ಬೀಗ ಹಾಕಿರುತ್ತೆ ಅನ್ನೋ ಪಟ್ಟಿ ಸಾರ್ ಅದು." ಆಷಾಢದ ಮಾತು ಅಲ್ಲಿಗೇ ನಿಲ್ಲುತ್ತೆ. ಅದೂ ನಾಟ್ಲಿಲ್ಲ ಅಂದ್ರೆ 2023ರ ಡೇಟಾ ಸಂರಕ್ಷಣೆ ಕಾಯ್ದೆ ತೆಗೀರಿ, ಜನರ ಮಾಹಿತಿಗೆ ಸರಿಯಾದ ರಕ್ಷಣೆ ಕೊಡ್ಲಿಲ್ಲ ಅಂದ್ರೆ ಅದ್ರಲ್ಲಿ ದಂಡದ ಮೇಲ್ಮಿತಿ 250 ಕೋಟಿ. ನಿಯಮಗಳು 2025ರ ನವೆಂಬರಲ್ಲಿ ಬಂದಿವೆ, ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಮೂರು ಛತ್ರದೋರಿಗೆ ಅಷ್ಟು ದಂಡ ಹಾಕ್ತಾರೆ ಅಂತ ನಾನೇನೂ ಹೇಳಲ್ಲ, ಆದ್ರೆ ಆ ಸಂಖ್ಯೆ ಕಿವಿಗೆ ಬಿದ್ರೆ ಕಾಫಿ ಲೋಟ ಕೆಳಗಿಡ್ತಾರೆ, ಅಷ್ಟು ಸಾಕು.

ಕೊನೇದಾಗಿ, ನಿಮ್ಮ ಪತ್ರದಲ್ಲಿ ನನಗೆ ಸಿವಿಇಗಿಂತ ಜಾಸ್ತಿ ಚುಚ್ಚಿದ್ದು "ಬೇರೆಲ್ಲೂ ಇಲ್ಲ" ಅನ್ನೋ ಎರಡು ಪದ. ಛತ್ರದಲ್ಲಿ ಬಾಗಿಲಲ್ಲಿ ಒಬ್ರು ನಿಂತಿದ್ರೂ ಉಗ್ರಾಣದ ಬೀಗದ ಕೈ ಅತ್ತೇನೋ ದೊಡ್ಡಮ್ಮನೋ ಸೊಂಟಕ್ಕೆ ಸಿಗಿಸ್ಕೊಂಡೇ ಇರ್ತಾರೆ, ಒಂದು ತೆಂಗಿನಕಾಯಿ ಬೇಕಂದ್ರೂ "ಯಾರಿಗೆ, ಯಾಕೆ" ಅಂತ ಕೇಳ್ತಾರೆ. "ಬಾಗಿಲು ದಾಟಿ ಬಂದಿದಾನಲ್ಲ, ಒಳ್ಳೆಯವ್ನೇ ಇರ್ಬೇಕು" ಅಂತ ಒಡವೆ ಪೆಟ್ಟಿಗೆ ಎತ್ಕೊಡಲ್ಲ. ನಿಮ್ಮ ಕೋಡಲ್ಲಿ ಆ ದೊಡ್ಡಮ್ಮ ಇಲ್ಲ. ಬುಕಿಂಗ್ ಪಟ್ಟಿಯನ್ನ ಡೇಟಾಬೇಸಿಂದ ಎತ್ಕೊಡೋ ಫಂಕ್ಷನ್ನಿನ ಮೊದಲನೇ ಸಾಲಲ್ಲೇ ಸೆಷನ್ ನೋಡ್ಬೇಕು, ಇವ್ರು ಅಡ್ಮಿನ್ನಾ, ಈ ಛತ್ರದವ್ರೇನಾ ಅಂತ. ಸರ್ವರ್ ಆ್ಯಕ್ಷನ್‌ಗಳು ಫಾರ್ಮ್ ಹಿಂದೆ ಬಚ್ಚಿಟ್ಕೊಂಡಿರೋ ಹಂಗೆ ಕಂಡ್ರೂ ಹೊರಗಿನವ್ರು ನೇರವಾಗಿ ಪೋಸ್ಟ್ ಹೊಡೀಬಹುದಾದ ಬಾಗಿಲುಗಳೇ, ಅವುಗಳ ಒಳಗೂ ಅದೇ ಚೆಕ್ ಬೇಕು.

ಹಂಗೇ ಮಿಡಲ್‌ವೇರ್ ಫೈಲಿನ ಕೆಳಗೆ ಯಾವ ಪಾತ್‌ಗಳಿಗೆ ಓಡ್ಬೇಕು ಅಂತ ಹೇಳೋ ಮ್ಯಾಚರ್ ಅಂತ ಒಂದು ಇರುತ್ತಲ್ಲ, ಅದನ್ನ ತೆಗೆದು ನೋಡಿ. ಡಾಕ್ಯುಮೆಂಟೇಷನ್ನಿಂದ ಕಾಪಿ ಹೊಡೆದ ಸಾಲಾಗಿದ್ರೆ ಅದ್ರಲ್ಲಿ ಎಪಿಐ (ಪೇಜ್ ಬದ್ಲು ಬರೀ ಡೇಟಾ ಕೊಡೋ ವಿಳಾಸಗಳು) ಅನ್ನೋ ಪಾತನ್ನ ಹೊರಗಿಟ್ಟಿರೋ ಸಾಧ್ಯತೆ ಜಾಸ್ತಿ, ಅಂದ್ರೆ ಎಪಿಐ ರೂಟ್‌ಗಳಿಗೆ ನಿಮ್ಮ ಚೆಕ್ ಯಾವತ್ತೂ ಓಡೇ ಇಲ್ಲ, ಅದಕ್ಕೆ ಯಾವ ಹೆಡರ್ ಟ್ರಿಕ್ಕೂ ಬೇಕಿಲ್ಲ, ಯಾವ ಪ್ಯಾಚೂ ಅದನ್ನ ಸರಿ ಮಾಡಲ್ಲ. ಇದನ್ನ ಇಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಅಂದ್ರೆ, ಒಂದು ಹಳೇ ಕೆಲ್ಸದಲ್ಲಿ ನಾನೇ ಹಂಗೆ ಕಾಪಿ ಹೊಡೆದು, ನಾಲ್ಕು ತಿಂಗಳು ಎಪಿಐ ಬಯಲಿಗೆ ಬಿಟ್ಟಿದ್ದೆ. ಕಂಡು ಹಿಡಿದಿದ್ದು ಟೆಸ್ಟಿಂಗ್ ಮಾಡ್ತಿದ್ದ ಹೊಸ ಹುಡುಗಿ, ಸೇರಿದ ಎರಡನೇ ವಾರಕ್ಕೆ. ಆವತ್ತು ಮಧ್ಯಾಹ್ನ ಅವ್ಳಿಗೆ ನಾನೇ ಊಟ ಕೊಡ್ಸಿದೆ, ಬೈಸ್ಕೊಳ್ಳೋದು ಸಂಜೆ ಇತ್ತು.

ಪ್ರಶ್ನೆ: ನನ್ನದು ಮಲ್ಲೇಶ್ವರದಲ್ಲಿ ಸಣ್ಣ ಸೀರೆ ಅಂಗಡಿ, ಆನ್‌ಲೈನಲ್ಲೂ ಮಾರ್ತೀನಿ. ಸೈಟ್ ಮಾಡ್ಕೊಟ್ಟ ಹುಡುಗ "ಮೇಡಂ, ಸೆಕ್ಯುರಿಟಿ ಪ್ಯಾಚ್ ಬಂದಿದೆ, ಹದಿನೈದು ಸಾವಿರ ಆಗುತ್ತೆ" ಅಂತಿದಾನೆ. ನಂಗೆ ಇದ್ರಲ್ಲಿ ಏನೂ ಗೊತ್ತಾಗಲ್ಲ. ಟೋಪಿ ಹಾಕ್ತಿದಾನಾ?

ಉತ್ತರ: ಗೊತ್ತಾಗಲ್ಲ ಅಂತ ಕೂತ್ಕೋಬೇಡಿ ಮೇಡಂ, ಸೀರೆಗೆ ಜರಿ ಅಸಲಿನಾ ನಕಲಿನಾ ಅಂತ ನೋಡೋರು ನೀವು, ಇದನ್ನೂ ಕೇಳಿ ತಿಳ್ಕೋಬಹುದು. ಸೈಟ್ ಯಾವ್ದ್ರಲ್ಲಿ ಕಟ್ಟಿದೀಯಪ್ಪಾ, ಎಲ್ಲಿ ಓಡ್ತಾ ಇದೆ ಅಂತ ಮೊದ್ಲು ಕೇಳಿ. ಮೇಲಿನ ಪತ್ರದಲ್ಲಿ ಹೇಳಿದ ತೂತೇ ಆದ್ರೆ, ವರ್ಸೆಲ್ ಅಥವಾ ನೆಟ್ಲಿಫೈ (ಸೈಟ್ ಇಟ್ಟು ಓಡಿಸ್ಕೊಡೋ ಕಂಪನಿಗಳು) ಮೇಲೆ ಓಡ್ತಿರೋ ಸೈಟ್‌ಗಳಿಗೆ ಅದು ತಗುಲೇ ಇಲ್ಲ, ತಮ್ಮದೇ ಸರ್ವರಲ್ಲಿ ಓಡಿಸ್ತಿದ್ದೋರಿಗೆ ಮಾತ್ರ. ನಿಮ್ಮದು ಶಾಪಿಫೈಯೋ ವರ್ಡ್‌ಪ್ರೆಸ್ಸೋ ಆಗಿದ್ರೆ ಈ ತೂತಿಗೂ ನಿಮಗೂ ಸಂಬಂಧನೇ ಇಲ್ಲ (ವರ್ಡ್‌ಪ್ರೆಸ್ ಪ್ಲಗಿನ್‌ಗಳದ್ದು ಬೇರೆ ಕಥೆ ಇರುತ್ತೆ, ಅದನ್ನ ಬೇರೆ ಕೇಳಿ). ಆಮೇಲೆ ಈಗಿನ ವರ್ಷನ್ ಎಷ್ಟು, ಪ್ಯಾಚ್ ಆದ್ಮೇಲೆ ಎಷ್ಟಾಗುತ್ತೆ, ಎರಡನ್ನೂ ವಾಟ್ಸಾಪಲ್ಲಿ ಬರೆದು ಕಳಿಸು ಅನ್ನಿ. ಸರಿಯಾದ ಹುಡುಗ ಎರಡು ನಿಮಿಷದಲ್ಲಿ ಕಳಿಸ್ತಾನೆ, ಟೋಪಿ ಹಾಕೋನು "ಅದೆಲ್ಲಾ ಟೆಕ್ನಿಕಲ್ ಮೇಡಂ" ಅಂತಾನೆ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಅದೇ ಸಾಲಿನ ಚಿಕ್ಕ ಪ್ಯಾಚ್ ಹಾಕೋದು ಅರ್ಧ ಗಂಟೆ ಕೆಲ್ಸ, ಆದ್ರೆ ಆಮೇಲೆ ಕಾರ್ಟ್, ಪೇಮೆಂಟ್, ಆರ್ಡರ್ ಮೇಲ್ ಎಲ್ಲಾ ಸರಿ ಇದ್ಯಾ ಅಂತ ನೋಡೋಕೆ ಅರ್ಧ ದಿನ ಹಿಡಿಯುತ್ತೆ, ಅದಕ್ಕೆ ದುಡ್ಡು ಕೇಳೋದು ತಪ್ಪಲ್ಲ. ಬರೀ ಅಷ್ಟಕ್ಕೇ ಹದಿನೈದು ಸಾವಿರ ಜಾಸ್ತಿ ಅನ್ಸುತ್ತೆ ನಂಗೆ, ಎರಡು ಮೂರು ವರ್ಷ ಮುಟ್ಟದೇ ಇರೋ ಸೈಟನ್ನ ದೊಡ್ಡ ವರ್ಷನ್‌ಗೆ ಎತ್ತೋದಾದ್ರೆ ಕಡಿಮೆನೂ ಆಗ್ಬಹುದು. ವರ್ಷಕ್ಕೆ ಇಷ್ಟು ಅಂತ ಎಎಂಸಿ ಮಾತಾಡ್ಕೊಂಡು, "ಕ್ರಿಟಿಕಲ್ ಅಂತ ಬಂದ್ರೆ ಎರಡು ದಿನದೊಳಗೆ ಹಾಕ್ಬೇಕು" ಅಂತ ಬರೆಸ್ಕೊಳ್ಳಿ, ಲಿಫ್ಟಿಗೆ ಮಾಡ್ಸಲ್ವಾ ಹಂಗೆ.

ಪ್ರಶ್ನೆ: ಕ್ಲೌಡ್‌ಫ್ಲೇರ್ ಥರದ ಫೈರ್‌ವಾಲ್ ಮುಂದೆ ಇದ್ರೆ ಪ್ಯಾಚ್ ಹಾಕದೇ ಇದ್ರೂ ನಡೆಯುತ್ತೆ ಅಂತ ನಮ್ಮ ಮ್ಯಾನೇಜರ್ ಹೇಳ್ತಾರೆ, ನಿಜನಾ?
(ಎಲೆಕ್ಟ್ರಾನಿಕ್ ಸಿಟಿ)

ಉತ್ತರ: ನಡೆಯಲ್ಲ. ಇದೇ ತೂತಿಗೆ ಕ್ಲೌಡ್‌ಫ್ಲೇರ್‌ನವ್ರು ಆ ಹೆಡರ್ ತಡೆಯೋ ನಿಯಮನ ಮೊದ್ಲು ಎಲ್ರಿಗೂ ಆನ್ ಮಾಡಿದ್ರು, ಆಗ ಕೆಲವು ಸೈಟ್‌ಗಳಲ್ಲಿ ಬೇರೆ ಕಂಪನಿಗಳ ಲಾಗಿನ್ ವ್ಯವಸ್ಥೆನೇ ಕೆಟ್ಟು ಹೋಯ್ತು, ಆಮೇಲೆ "ಬೇಕಾದವ್ರು ನೀವೇ ಆನ್ ಮಾಡ್ಕೊಳ್ಳಿ" ಅಂತ ಬದಲಾಯಿಸಿದ್ರು. ನಿಮ್ಮ ಮ್ಯಾನೇಜರ್ ಆನ್ ಮಾಡಿದಾರಾ ಕೇಳಿ, ಉತ್ತರ ಬರೋಕೆ ಎಷ್ಟು ಹೊತ್ತಾಗುತ್ತೆ ನೋಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಕಾಲೇಜ್ ಪೋರ್ಟಲಲ್ಲಿ ನನ್ನ ಮಾರ್ಕ್ಸ್ ಕಾರ್ಡ್ ತೆಗೆದಾಗ ಅಡ್ರೆಸ್ ಬಾರಲ್ಲಿ ಕೊನೇಲಿ ಒಂದು ನಂಬರ್ ಇತ್ತು, ಸುಮ್ನೆ ಒಂದು ಕೂಡಿಸಿ ಎಂಟರ್ ಹೊಡೆದ್ರೆ ಬೇರೆಯವ್ರ ಕಾರ್ಡ್ ಬಂತು. ಫ್ರೆಂಡ್ಸು "ಮಗಾ, ಎಲ್ಲಾ ಡೌನ್‌ಲೋಡ್ ಮಾಡಿ ತೋರ್ಸು, ಕಾಲೇಜಲ್ಲಿ ಫೇಮಸ್ ಆಗ್ತೀಯ" ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ಫೇಮಸ್ ಆಗ್ತೀಯ ಕಣಪ್ಪಾ, ಪೊಲೀಸ್ ಸ್ಟೇಷನಲ್ಲಿ. ಮೊದಲನೇದು ಇನ್ನೊಂದು ನಂಬರ್ ಕೂಡ ಹಾಕ್ಬೇಡ. ಒಂದು ಸಲ ಆಕಸ್ಮಿಕ ಅಂತ ಹೇಳ್ಕೋಬಹುದು, ನಾನೂರು ಕಾರ್ಡ್ ಇಳಿಸ್ಕೊಂಡ್ರೆ ಅದು ಆಕಸ್ಮಿಕ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಅನುಮತಿ ಇಲ್ದೆ ಒಳಗೆ ಹೋಗೋದು, ಮಾಹಿತಿ ಇಳಿಸ್ಕೊಳ್ಳೋದು ಎರಡನ್ನೂ ಹೇಳುತ್ತೆ, ಅದನ್ನೇ ಕೆಟ್ಟ ಉದ್ದೇಶದಿಂದ ಮಾಡಿದ್ರೆ 66ರ ಪ್ರಕಾರ ಮೂರು ವರ್ಷದವರೆಗೂ ಜೈಲು, ಐದು ಲಕ್ಷದವರೆಗೂ ದಂಡ. ನಿನ್ನ ಉದ್ದೇಶ ಒಳ್ಳೇದೇ ಇತ್ತು ಅಂತ ನೀನು ಸಾಬೀತು ಮಾಡ್ತಾ ಓಡಾಡೋ ವಯಸ್ಸಲ್ಲ ಇದು.

ಆದ್ರೆ ನೀನು ಕಂಡಿದ್ದು ಚಿಕ್ಕದೇನಲ್ಲ. ಲಾಗಿನ್ ಆಗಿದಾನಾ ಅಂತ ಕೇಳಿದಾರೆ, ಈ ಕಾರ್ಡ್ ಇವನದೇನಾ ಅಂತ ಕೇಳಿಲ್ಲ. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಅನ್ನೋ ದೊಡ್ಡ ಟೈಟಲ್ ಇನ್ಶೂರೆನ್ಸ್ ಕಂಪನೀಲಿ ಇದೇ ಥರ ವಿಳಾಸದ ನಂಬರ್ ಬದಲಾಯಿಸಿದ್ರೆ ಬೇರೆಯವ್ರ ಮನೆ ಖರೀದಿ ಕಾಗದ ಪತ್ರ ಬರ್ತಿತ್ತು, ಅಲ್ಲಂತೂ ಲಾಗಿನ್ನೂ ಬೇಕಿರ್ಲಿಲ್ಲ, 88 ಕೋಟಿಗೂ ಹೆಚ್ಚು ದಾಖಲೆ ಬಯಲಲ್ಲಿತ್ತು.

ನಿನ್ನ ಸ್ವಂತ ಕಾರ್ಡಿನ ವಿಳಾಸ, ದಿನಾಂಕ, ಏನ್ ಮಾಡಿದೆ ಏನ್ ಬಂತು ಅಂತ ನಾಲ್ಕು ಸಾಲು ಬರಿ. ಬೇರೆಯವ್ರ ಕಾರ್ಡಿನ ಸ್ಕ್ರೀನ್‌ಶಾಟ್ ಇದ್ರೆ ಡಿಲೀಟ್ ಮಾಡು, ಫ್ರೆಂಡ್ಸ್ ಗ್ರೂಪಲ್ಲಿ ಹಾಕಿದ್ರೆ ಅಲ್ಲಿಂದಾನೂ. ಕಾಲೇಜಲ್ಲಿ ನಿಂಗೆ ನಂಬಿಕೆ ಇರೋ ಒಬ್ರು ಲೆಕ್ಚರರ್ ಇದ್ದೇ ಇರ್ತಾರೆ, ಅವ್ರ ಮೂಲಕ ಲಿಖಿತವಾಗಿ ಕೊಡು, ಒಬ್ನೇ ಹೋಗಿ ಆಫೀಸ್ ಕೌಂಟರಲ್ಲಿ "ನಿಮ್ಮ ಸೈಟ್ ಹ್ಯಾಕ್ ಮಾಡಿದೀನಿ" ಅಂತ ಹೇಳ್ಬೇಡ, ಆ ಪದನೇ ಬೇಡ. ಕಾಲೇಜ್‌ನವ್ರು ಕಿವಿಗೆ ಹಾಕ್ಕೊಳ್ಲಿಲ್ಲ ಅಂದ್ರೆ ಸರ್ಟ್-ಇನ್‌ಗೆ ದೋಷ ತಿಳಿಸೋ ವ್ಯವಸ್ಥೆ ಇದೆ, ಅವ್ರ ವೆಬ್‌ಸೈಟಲ್ಲೇ ಕ್ರಮ ಹಾಕಿದಾರೆ. ಸರಿಯಾಗೋವರೆಗೂ ಇನ್‌ಸ್ಟಾಗ್ರಾಂ ಪೋಸ್ಟ್ ಬೇಡ. ಸರಿಯಾದ್ಮೇಲೆ ರೆಸ್ಯೂಮೆಲಿ ಒಂದು ಸಾಲು ಬರ್ಕೋ, ಇಂಟರ್‌ವ್ಯೂಲಿ ಅದೊಂದೇ ಪ್ರಶ್ನೆ ಅರ್ಧ ಗಂಟೆ ಓಡುತ್ತೆ.

ಪ್ರಶ್ನೆ: ನೆಕ್ಸ್ಟ್ ಜೆಎಸ್‌ದೇ ಹಿಂಗಾದ್ರೆ ಹೊಸ ಪ್ರಾಜೆಕ್ಟ್‌ಗೆ ಫ್ರೇಮ್‌ವರ್ಕೇ ಬದಲಾಯಿಸೋಣ ಅಂತ ಟೀಮಲ್ಲಿ ಜಗಳ ನಡೀತಿದೆ. ಸ್ಪ್ರಿಂಗೋ ರೈಲ್ಸೋ ತಗೊಂಡ್ರೆ ಸೇಫಾ?
(ಮಾರತ್ತಹಳ್ಳಿ)

ಉತ್ತರ: ಬಾಡಿಗೆ ಮನೇಲಿ ಜಿರಳೆ ಕಂಡ್ರೆ ಮನೆ ಬದಲಾಯಿಸಿದಂಗೆ ಆಗುತ್ತೆ, ಹೊಸ ಮನೇಲೂ ಅಡಿಗೆಮನೆ ಸಿಂಕ್ ಕೆಳಗೆ ಒಂದು ಸಲ ನೋಡಿ. ಸ್ಪ್ರಿಂಗ್ ಸೆಕ್ಯುರಿಟೀಲಿ 2022ರ ಮೇ ತಿಂಗಳಲ್ಲಿ ಸಿವಿಇ-2022-22978 ಬಂತು, ರೆಜೆಕ್ಸಲ್ಲಿ (ಅಕ್ಷರಗಳ ಮಾದರಿ ಹೇಳೋ ಬರವಣಿಗೆ) ನಿಯಮ ಬರೆದು ಚುಕ್ಕಿ ಬಳಸಿದ್ರೆ, ವಿಳಾಸದಲ್ಲಿ ಒಂದು ಹೊಸ ಸಾಲಿನ ಅಕ್ಷರ ಸೇರಿಸಿ ಕಳಿಸಿದ್ರೆ ನಿಯಮ ಅದನ್ನ ಗುರುತೇ ಹಿಡೀತಿರ್ಲಿಲ್ಲ, ಯಾಕಂದ್ರೆ ರೆಜೆಕ್ಸಿನ ಚುಕ್ಕಿ ಹೊಸ ಸಾಲಿಗೆ ಹೊಂದಲ್ಲ. 5.5.7 ಮತ್ತೆ 5.6.4ರಲ್ಲಿ ಸರಿ ಮಾಡಿದ್ರು. ರೈಲ್ಸ್‌ದು ಇನ್ನೂ ಮಜಾ ಇದೆ, 2012ರ ಮಾರ್ಚಲ್ಲಿ ಒಬ್ಬ ಹುಡುಗ "ಫಾರ್ಮಲ್ಲಿ ಹೆಚ್ಚುವರಿ ಫೀಲ್ಡ್ ಕಳಿಸಿದ್ರೆ ಅದನ್ನೂ ಸೀದಾ ಡೇಟಾಬೇಸ್‌ಗೆ ಬರೆದುಬಿಡುತ್ತೆ, ಇದು ಅಪಾಯ" ಅಂತ ಹೇಳ್ದ, ಗಂಭೀರವಾಗಿ ತಗೊಳ್ಲಿಲ್ಲ, ಕೋಡ್ ಇಡೋ ತಾಣ ಗಿಟ್‌ಹಬ್ ಕೂಡ ರೈಲ್ಸಲ್ಲೇ ಕಟ್ಟಿದ್ರಿಂದ ಅದೇ ತೂತಲ್ಲಿ ತನ್ನ ಕೀಯನ್ನ ರೈಲ್ಸ್ ಸಂಸ್ಥೆಯ ಖಾತೆಗೇ ಸೇರಿಸ್ಕೊಂಡು ರೈಲ್ಸ್ ರೆಪಾಸಿಟರಿಗೇ ಕಮಿಟ್ ಹಾಕಿ ತೋರಿಸ್ದ. (ಮೇಲಿನ ವಿದ್ಯಾರ್ಥಿಗೆ: ಇದನ್ನ ಅನುಕರಿಸ್ಬೇಡ.) ರೈಲ್ಸ್ 4ರಲ್ಲಿ ಯಾವ ಫೀಲ್ಡ್ ಒಪ್ಕೋಬೇಕು ಅಂತ ಹೆಸ್ರು ಹಿಡಿದು ಹೇಳೋ ಪದ್ಧತಿ ಬಂತು.

ಇನ್ನೊಂದು, ನಿಮ್ಮ ಟೀಮಲ್ಲಿ ಯಾರೋ "94 ಪರ್ಸೆಂಟ್ ಆ್ಯಪ್‌ಗಳಲ್ಲಿ ಈ ತೂತು ಇದೆ ಅಂತ ಓವಾಸ್ಪ್ ಹೇಳಿದೆ" ಅಂದಿದಾರೆ ಅಂತ ಬರ್ದಿದೀರಿ. ಓವಾಸ್ಪ್ ಅಂದ್ರೆ ವೆಬ್ ಸೆಕ್ಯುರಿಟಿ ಬಗ್ಗೆ ಕೆಲ್ಸ ಮಾಡೋ ಸಂಸ್ಥೆ, ಅದು ಹೇಳಿದ್ದು ಹಂಗಲ್ಲ. ಓವಾಸ್ಪ್‌ನ 2021ರ ಪಟ್ಟೀಲಿ ಬ್ರೋಕನ್ ಆ್ಯಕ್ಸೆಸ್ ಕಂಟ್ರೋಲ್ (ಯಾರು ಏನ್ ನೋಡ್ಬಹುದು ಅನ್ನೋ ಚೆಕ್ ಕೆಟ್ಟಿರೋದು) ಐದನೇ ಜಾಗದಿಂದ ಮೊದಲನೇದಕ್ಕೆ ಏರಿದ್ದು ನಿಜ, ಆದ್ರೆ 94 ಪರ್ಸೆಂಟ್ ಅನ್ನೋದು ಈ ದೋಷಕ್ಕಾಗಿ ಪರೀಕ್ಷೆ ಮಾಡಿದ ಆ್ಯಪ್‌ಗಳ ಲೆಕ್ಕ, ಸಿಕ್ಕಿದ್ದು ಸರಾಸರಿ 3.81 ಪರ್ಸೆಂಟ್. ಸೆಕ್ಯುರಿಟಿ ಕಂಪನಿಗಳ ಸೇಲ್ಸ್ ಸ್ಲೈಡಲ್ಲಿ ಎರಡನೇ ಸಂಖ್ಯೆ ಕಾಣಿಸೋದೇ ಇಲ್ಲ. ನಿಮ್ಮ ಟೀಮ್‌ಗೆ ಯಾವ ಫ್ರೇಮ್‌ವರ್ಕ್ ಚೆನ್ನಾಗಿ ಬರುತ್ತೋ ಅದ್ರಲ್ಲೇ ಕಟ್ಟಿ, ರಿಲೀಸ್ ನೋಟ್ಸ್ ಓದೋಕೆ ಒಬ್ರನ್ನ ನೇಮಿಸಿ, ಜಗಳ ಆಡೋ ಟೈಮಲ್ಲಿ ಎರಡು ಟೆಸ್ಟ್ ಬರೀಬಹುದು: ಲಾಗಿನ್ ಇಲ್ದೋನು ಕೇಳಿದ್ರೆ, ಲಾಗಿನ್ ಇದ್ದೂ ಬೇರೆಯವ್ರ ನಂಬರ್ ಕೇಳಿದ್ರೆ. ಎರಡನೇದನ್ನ ಬರೆಯೋರು ಬಹಳ ಕಮ್ಮಿ.

ಪ್ರಶ್ನೆ: ಸರ್ವರ್ ಒಳಗೆ ಬಿಡದೇ ಇದ್ದಾಗ ಕೊಡೋ ಕೋಡಲ್ಲಿ 401, 403 ಯಾವಾಗ ಯಾವ್ದು ಕೊಡ್ಬೇಕು?

ಉತ್ತರ: ನೀನು ಯಾರಪ್ಪಾ ಅಂತ ಗೊತ್ತಿಲ್ದಿದ್ರೆ 401. ಯಾರು ಅಂತ ಗೊತ್ತು, ಆದ್ರೆ ಇಲ್ಲಿಗೆ ಬರಂಗಿಲ್ಲ ಅಂದ್ರೆ 403. ಅಂಥದ್ದೊಂದು ಇದೆ ಅನ್ನೋದೇ ಅವ್ರಿಗೆ ಗೊತ್ತಾಗ್ಬಾರ್ದು ಅಂದ್ರೆ 404 (ಇಲ್ಲಿ ಏನೂ ಸಿಕ್ಲಿಲ್ಲ ಅನ್ನೋ ಕೋಡ್) ಕೊಟ್ಟು ಸುಮ್ನಾಗಿ, ಗಿಟ್‌ಹಬ್ಬಲ್ಲಿ ಬೇರೆಯವ್ರ ಪ್ರೈವೇಟ್ ರೆಪಾಸಿಟರಿ ಕೇಳಿದ್ರೆ ಹಂಗೇ ಬರೋದು.

ಪ್ರಶ್ನೆ: ನೆಕ್ಸ್ಟ್ 16ಕ್ಕೆ ಹೋದೆ, ಮಿಡಲ್‌ವೇರ್ ಫೈಲ್ ಹಳೇದಾಯ್ತು ಅಂತ ವಾರ್ನಿಂಗ್ ಬರ್ತಿದೆ. ಆ ಹೆಡರ್ ತೂತಿನ ಗಲಾಟೆ ಆದ್ಮೇಲೆ ಮಿಡಲ್‌ವೇರನ್ನೇ ತೆಗೆದುಹಾಕಿಬಿಟ್ರಾ?
(ಹೆಬ್ಬಾಳ)

ಉತ್ತರ: ತೆಗೆದಿಲ್ಲ, ಹೆಸ್ರು ಬದಲಾಯಿಸಿದಾರೆ, 16ರಿಂದ ಅದು ಪ್ರಾಕ್ಸಿ. ಫೈಲ್ ಹೆಸ್ರು, ಒಳಗಿನ ಫಂಕ್ಷನ್ ಹೆಸ್ರು ಎರಡನ್ನೂ ಪ್ರಾಕ್ಸಿ ಅಂತ ಮಾಡಿ, ಬದಲಾಯಿಸ್ಕೊಡೋಕೆ ಅವ್ರದೇ ಕೋಡ್‌ಮಾಡ್ ಇದೆ. ಇದು ನೆಟ್‌ವರ್ಕ್ ಅಂಚಲ್ಲಿ ನಿಂತು ದಾರಿ ತೋರಿಸೋದು, ಎಲ್ಲಾ ಕೆಲ್ಸ ಇದ್ರ ತಲೆ ಮೇಲೆ ಹೊರಿಸ್ಬೇಡಿ ಅನ್ನೋದು ಹೆಸ್ರಲ್ಲೇ ಗೊತ್ತಾಗ್ಲಿ ಅಂತ. ಮ್ಯಾಚರ್ ಸಾಲು ಹಳೇದೇ ಬರುತ್ತೆ, ಅದನ್ನ ಇನ್ನೊಂದು ಸಲ ಓದಿ, ಎಪಿಐ ಅನ್ನೋದು ಎಲ್ಲಿದೆ ನೋಡಿ.